ಟೀವಿಯ ನಾಗಿಣಿ, ನಮ್ಮ ಬನದ ನಾಗ

2016ರಲ್ಲಿ ಜೀ ಕನ್ನಡದಲ್ಲಿ 'ನಾಗಿಣಿ' ಶುರುವಾದ ಮೇಲೆ ಗಂಗೊಳ್ಳಿಯ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತೇ ಬದಲಾಯಿತು. ಸೇಡಿಗಾಗಿ ಮನೆಯೊಂದನ್ನು ಸೇರಿದ ನಾಗಿಣಿ ಅಮೃತಾ, ಅಂದರೆ ದೀಪಿಕಾ ದಾಸ್, ಸಿಟ್ಟಾದರೆ ಸಾಕು, ನನ್ನ ಮಗ ಅಜ್ಜಿಯ ಸೆರಗಿನೊಳಗೆ. ಅತ್ತೆ ನಗುತ್ತಿದ್ದರು: "ಹೆದ್ರೂಕೆ ಎಂತ ಇತ್ತ್ ಮಗಾ? ಅದ್ ಟೀವಿ ನಾಗ. ನಮ್ದ್ ಬನದಗೆ ಇತ್ತ್."

ಹಾಗಂತ ಅವರು ಒಂದು ಕಂತನ್ನೂ ಬಿಟ್ಟವರಲ್ಲ!

ನಮ್ಮ ನಾಗನಿಗೆ ಒಡವೆ, ಮೇಕಪ್ಪು ಇಲ್ಲ. ಮರಗಳ ನೆರಳಲ್ಲಿ ಒಂದು ಕಲ್ಲು, ಅಷ್ಟೆ. ಆ ಮರಗಳಿಗೆ ಯಾರೂ ಕತ್ತಿ ತಾಗಿಸುವುದಿಲ್ಲ. ಜೂನ್, ಜುಲೈಯ ಮೀನುಗಾರಿಕೆ ನಿಷೇಧ ಮುಗಿದು ಬಂದರಿನಿಂದ ಬೋಟುಗಳು ಹೊರಡುವ ಆಸುಪಾಸಿನಲ್ಲಿ ನಾಗರ ಪಂಚಮಿ. ಅಂದು ಹಾಲು, ಸೀಯಾಳ ಎರೆದು ತನು ಹಾಕುತ್ತೇವೆ.

ಮಾವನವರೂ ಅವರ ತಮ್ಮನೂ ಜಾಗದ ಪಾಲಿನ ವಿಷಯದಲ್ಲಿ ಮಾತು ಬಿಟ್ಟು ವರ್ಷಗಳಾಗಿದ್ದವು. ಮದುವೆಗೆ ಕರೆದರೂ ಬಾರದ ಚಿಕ್ಕಮಾವ, ಪಂಚಮಿಯಂದು ಮಾತ್ರ ಬೆಳಿಗ್ಗೆಯೇ ಸೀಯಾಳ ಹಿಡಿದು ಬರುತ್ತಿದ್ದರು. ಗದ್ದೆ, ತೋಟ ಪಾಲಾಗಬಹುದು, ಮೂಲಸ್ಥಾನ ಎರಡಾಗುವುದಿಲ್ಲವಲ್ಲ. ಧಾರಾವಾಹಿಯಾಗಿದ್ದರೆ ಅಲ್ಲೇ ಗುಡುಗು ಮಿಂಚು, ನಾಗ ಹೆಡೆಯೆತ್ತಿ ತೀರ್ಪು ಕೊಟ್ಟೇಬಿಡುತ್ತಿತ್ತು. ಇಲ್ಲಿ ಅಂಥದ್ದೇನೂ ಇಲ್ಲ. ಅಣ್ಣ, ತಮ್ಮ ಪಕ್ಕಪಕ್ಕ ನಿಂತು ಕೈಮುಗಿದು, ಪ್ರಸಾದ ತಗೊಂಡು, ಮುಖ ನೋಡದೆ ಹೋಗುತ್ತಿದ್ದರು. ನನಗಂತೂ ಆ ಒಂದು ಗಳಿಗೆ ಯಾವ ಕಂತಿಗಿಂತಲೂ ದೊಡ್ಡದು.

ಒಂದು ವರ್ಷ ಅತ್ತೆ ಅರಿಶಿನ ಎಲೆಯ ಕಡುಬು ಕಟ್ಟಿ ಚಿಕ್ಕಮಾವನ ಕೈಗಿಟ್ಟರು. ಅವರು ಬೇಡ ಅನ್ನಲಿಲ್ಲ. ಮಾವ ಆಚೆ ತಿರುಗಿ, "ಬಿಸಿ ಇತ್ತ್, ಜಾಗ್ರತೆ" ಅಂದರು. ಯಾರಿಗೆ ಅಂದರೋ!

ಜಾಗ ಇನ್ನೂ ಪಾಲಾಗಿಲ್ಲ.