ಟ್ಯಾಂಕ್ ನೋಡಿ ಕೊಂಡೆ, ಗಾಳಿ ಎಷ್ಟೆಂದು ಕೇಳಲಿಲ್ಲ

ಅಪ್ಪನ ಹಳೆಯ ಬಜಾಜ್ ಚೇತಕ್ ಸ್ಕೂಟರಿಗೆ ನಾನೇ ಬಣ್ಣ ಹೊಡೆಯಬೇಕೆಂಬ ಆಸೆಯಿಂದ ಏರ್ ಕಂಪ್ರೆಸರ್ ಕೊಳ್ಳಲು ಹೊರಟೆ. ಹೇಗೂ ಕೊಳ್ಳುತ್ತೇವಲ್ಲ, ಕಾರಿನ ಟೈರಿಗೆ ಗಾಳಿ ತುಂಬಬಹುದು, ಇಂಪ್ಯಾಕ್ಟ್ ಗನ್ ಹಾಕಿ ಚಕ್ರದ ನಟ್ಟು ಬಿಚ್ಚಬಹುದು, ಫಿಲ್ಟರಿನ ಧೂಳು ಊದಬಹುದು ಎಂದು ಕೆಲಸಗಳ ಪಟ್ಟಿ ಬೆಳೆಯುತ್ತ ಹೋಯಿತು. ಎಲ್ಲಕ್ಕೂ ಒಂದೇ ಮಷಿನ್, ಅದೂ ಅಗ್ಗದಲ್ಲಿ ಸಿಗಬೇಕು. ನಾನು ಎಡವಿದ್ದು ಈ ಯೋಚನೆಯಲ್ಲೇ.

ಅಂಗಡಿಯಲ್ಲಿ ಮೂರು ಅಂಕಿಗಳನ್ನು ನೋಡಿದೆ: 2 ಎಚ್‌ಪಿ ಮೋಟಾರು, 24 ಲೀಟರ್ ಟ್ಯಾಂಕು, 8 ಬಾರ್ ಒತ್ತಡ. ಕಾರಿನ ಟೈರಿಗೆ ಬೇಕಾಗುವುದು 30ರಿಂದ 35 ಪಿಎಸ್‌ಐ, ಅಂದರೆ ಎರಡು ಬಾರ್‌ಗಿಂತ ತುಸು ಹೆಚ್ಚು. ಹಾಗಿರುವಾಗ 8 ಬಾರ್ ಧಾರಾಳವಾಯಿತು ಎಂದುಕೊಂಡು ದುಡ್ಡು ಕೊಟ್ಟು ಬಂದೆ. ನಿಮಿಷಕ್ಕೆ ಎಷ್ಟು ಗಾಳಿ ಬರುತ್ತದೆ ಎಂದು ಕೇಳಬೇಕೆಂಬುದೇ ಹೊಳೆಯಲಿಲ್ಲ. ಓವರ್‌ಹೆಡ್ ಟ್ಯಾಂಕ್ ಎಷ್ಟೇ ಎತ್ತರದಲ್ಲಿರಲಿ, ಬೋರ್‌ವೆಲ್‌ನಲ್ಲಿ ಅರ್ಧ ಇಂಚು ನೀರಿದ್ದರೆ ತೋಟ ನೆನೆಯುವುದಿಲ್ಲ. ಗಾಳಿಯ ಲೆಕ್ಕವೂ ಹಾಗೆಯೇ: ಒತ್ತಡ ಬೇರೆ, ಪ್ರಮಾಣ ಬೇರೆ.

ಸ್ಕೂಟರಿನ ಎಂಜಿನ್ ಕಡೆಯ ಉಬ್ಬು ಕವರನ್ನು ಬಿಚ್ಚಿ, ವಾಟರ್ ಪೇಪರ್ ಹಾಕಿ ಉಜ್ಜಿ, ಪ್ರೈಮರ್ ಕೊಟ್ಟು ಒಣಗಿಸಿದ್ದೆ. ಬಣ್ಣದ ಮೊದಲ ಕೆಲವು ಎಳೆಗಳು ಚೆನ್ನಾಗಿಯೇ ಬಂದವು. ಆಮೇಲೆ ಗನ್ನಿನಿಂದ ಬೀಸಣಿಗೆಯಂತೆ ಹರಡುತ್ತಿದ್ದ ಬಣ್ಣ ಕಿರಿದಾಗಿ, ನುಣ್ಣನೆ ಬರಬೇಕಾದದ್ದು ಹನಿ ಹನಿಯಾಗಿ ಸಿಡಿಯತೊಡಗಿತು. ಮೀಟರಿನ ಮುಳ್ಳು ಇಳಿಯುತ್ತಲೇ ಇತ್ತು. ನಿಲ್ಲಿಸಿ ಕಾದು, ಒತ್ತಡ ಏರಿದ ಮೇಲೆ ಮತ್ತೆ ಹೊಡೆದೆ. ಅಷ್ಟರಲ್ಲಿ ಹಿಂದಿನ ಎಳೆ ಅರೆಬರೆ ಒಣಗಿ, ಹೊಸದು ಅದರ ಮೇಲೆ ಒರಟಾಗಿ ಕೂತಿತು. ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾದ ಆ ಮೈಮೇಲೆ ಅಲ್ಲಲ್ಲಿ ಸಣ್ಣ ಗುಳ್ಳೆಗಳೂ ಎದ್ದಿದ್ದವು.

ಕವರನ್ನು ಹಿಡಿದುಕೊಂಡು, ಗ್ಯಾರೇಜಿನಲ್ಲಿ ಬಹಳ ವರ್ಷಗಳಿಂದ ಬಣ್ಣದ ಕೆಲಸ ಮಾಡುತ್ತಿರುವ ಪೇಂಟರ್ ಒಬ್ಬರ ಬಳಿ ಹೋದೆ. ಅವರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಮೇಲೆ ಬೆರಳಾಡಿಸಿದರು. "ಪೇಂಟ್ ಸರಿ ಇದೆ ಸರ್. ಗನ್ನಿಗೆ ಗಾಳಿ ಸಾಲ್ತಿಲ್ಲ" ಎಂದರು. ಗುಳ್ಳೆಗಳನ್ನು ತೋರಿಸಿ, "ಇದು ನೀರು. ಟ್ಯಾಂಕಿನ ನೀರು ದಿನಾ ಬಿಡ್ತೀರಾ?" ಎಂದು ಕೇಳಿದರು. ಟ್ಯಾಂಕಿನಲ್ಲಿ ನೀರು ಕೂರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. 24 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 4 ಬಾರ್‌ಗೆ ಇಳಿಯುವಷ್ಟರಲ್ಲಿ ಹೊರಬರುವ ಗಾಳಿ ಸುಮಾರು 96 ಲೀಟರ್. ಗಾಡಿಯ ಮೈಗೆ ಬಣ್ಣ ಹೊಡೆಯುವ ಸಾಮಾನ್ಯ ಗನ್ನು ನಿಮಿಷಕ್ಕೆ 200 ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಗಾಳಿ ಎಳೆಯುತ್ತದೆ. ಮೋಟಾರು ನಿಮಿಷಕ್ಕೆ ನೂರು ಲೀಟರ್ ತುಂಬುತ್ತಲೇ ಇದ್ದರೂ ಒಂದು ನಿಮಿಷದೊಳಗೆ ಟ್ಯಾಂಕು ಸೋಲುತ್ತದೆ. ಟ್ಯಾಂಕ್ ಅಂದರೆ ಕೂಡಿಟ್ಟ ಗಾಳಿ, ಅಷ್ಟೇ. ಕೆಲಸ ನಡೆಸುವುದು ಮೋಟಾರು ಹೊಸದಾಗಿ ತುಂಬುವ ಗಾಳಿ. ಅದನ್ನು ಸಿಎಫ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಪಿಸ್ಟನ್ ಒಳಗೆಳೆಯುವ ಗಾಳಿಯ ಲೆಕ್ಕ. ಸಣ್ಣ ಮಷಿನ್‌ಗಳಲ್ಲಿ ನಿಜವಾಗಿ ಕೈಗೆ ಸಿಗುವುದು ಅದರ ಅರುವತ್ತು ಎಪ್ಪತ್ತು ಪರ್ಸೆಂಟ್. ಒತ್ತಡ ಏರಿದಂತೆಲ್ಲ ಅದೂ ಕಡಿಮೆಯಾಗುತ್ತದೆ.

ನೀರಿನ ವಿಷಯ ಇನ್ನೂ ಗಂಭೀರ. ಅಷ್ಟೊಂದು ಹಿಂಡಿದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಾಗ ಒಳಗಿನ ತೇವ ನೀರಾಗಿ ಇಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಟ್ಯಾಂಕಿನ ಹೊಟ್ಟೆಯ ಕೆಳಗಿರುವ ಡ್ರೈನ್ ತಿರುಪನ್ನು ಅಂದು ಮೊದಲ ಸಲ ಸಡಿಲಿಸಿದಾಗ ಬಂದದ್ದು ತುಕ್ಕು ಬಣ್ಣದ ನೀರು. ಟ್ಯಾಂಕು ಒಳಗಿನಿಂದ ಸವೆಯತೊಡಗಿತ್ತು. ಒತ್ತಡದ ಗಾಳಿ ತುಂಬಿದ ಟ್ಯಾಂಕು ಸವೆದು ಸಿಡಿದರೆ ಜೀವಕ್ಕೇ ಅಪಾಯ. ಮನೆಯ ಮಕ್ಕಳು ಆಡುವ ಜಾಗದಲ್ಲಿ ನಾನು ಅದನ್ನು ಇಟ್ಟಿದ್ದೆ ಎಂದು ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ.

ಕೊನೆಗೆ ಮೋಟಾರೂ ಹೋಯಿತು. ಮನೆಯೊಳಗಿನ ಪ್ಲಗ್ಗಿನಿಂದ ಶೆಡ್ಡಿನವರೆಗೆ ತೆಳುವಾದ ಎಕ್ಸ್‌ಟೆನ್ಷನ್ ವೈರ್ ಎಳೆದಿದ್ದೆ. ಮೋಟಾರು ಸ್ಟಾರ್ಟ್ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಉದ್ದನೆಯ ತೆಳು ವೈರಿನಲ್ಲಿ ವೋಲ್ಟೇಜ್ ಕುಸಿದು ಅದು ತಿರುಗಲಾರದೆ ಗುಂಯ್‌ಗುಡುತ್ತಿತ್ತು. ಎಚ್ಚರಿಕೆ ಎಂದು ತಿಳಿಯದೆ ಮತ್ತೆ ಮತ್ತೆ ಸ್ವಿಚ್ ಹಾಕಿ ವೈಂಡಿಂಗ್ ಸುಟ್ಟೆ. ಗಾಳಿ ದೂರಕ್ಕೆ ಬೇಕಿದ್ದರೆ ಗಾಳಿಯ ಪೈಪನ್ನು ಉದ್ದ ಮಾಡಬೇಕು, ವೈರನ್ನಲ್ಲ. ಮಷಿನ್ ಪವರ್ ಪ್ಲಗ್ಗಿನ ಪಕ್ಕದಲ್ಲೇ ಇರಬೇಕು.

ನಾನು ಕೊಂಡದ್ದು ಟೈರಿಗೆ ಅತಿಯಾಯಿತು, ಬಣ್ಣಕ್ಕೆ ಸಾಲದಾಯಿತು. ಅಗ್ಗದ ಕಂಪ್ರೆಸರ್ ಹುಡುಕುವ ಬಹಳ ಮಂದಿ ಇದೇ ನಡುವಿನ ಮಷಿನ್‌ಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಹೇಳುತ್ತೇನೆ, ಮೊದಲು ಕೆಲಸವನ್ನು ನಿಶ್ಚಯಿಸಿಕೊಳ್ಳಿ.

ಕಾರು, ಬೈಕಿನ ಟೈರಿಗೆ ಗಾಳಿ ಮಾತ್ರ ಸಾಕೆಂದರೆ ಟ್ಯಾಂಕಿನ ಮಷಿನ್ನೇ ಬೇಡ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ, ಬೇಕಾದ ಒತ್ತಡಕ್ಕೆ ತಾನಾಗಿ ನಿಲ್ಲುವ ಇನ್‌ಫ್ಲೇಟರ್ ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಧೂಳು ಊದುವುದು, ಆಗೊಮ್ಮೆ ಈಗೊಮ್ಮೆ ಇಂಪ್ಯಾಕ್ಟ್ ಗನ್ನಿನಿಂದ ನಟ್ಟು ಬಿಚ್ಚುವುದು, ಸಣ್ಣ ಟಚ್‌ಅಪ್ ಗನ್ನು, ಇಷ್ಟಕ್ಕೆ 24 ಲೀಟರಿನ ಮಷಿನ್ ಸಾಕು. ನಡುನಡುವೆ ಅದಕ್ಕೆ ಬಿಡುವು ಕೊಡಬೇಕು ಅಷ್ಟೇ. ಮನೆಯೊಳಗೆ ಬಳಸುವವರು ಒಮ್ಮೆ ಚಾಲೂ ಮಾಡಿಸಿ ಸದ್ದು ಕೇಳಿ ನೋಡಲಿ. ಅಗ್ಗದ ಆಯಿಲ್‌ಫ್ರೀ ಮಷಿನ್‌ಗಳಿಗೆ ಆಯಿಲ್ ನೋಡುವ ಕೆಲಸವಿಲ್ಲ, ಸದ್ದು ಮಾತ್ರ ಜಾಸ್ತಿ. ನಿಧಾನಕ್ಕೆ ತಿರುಗುವ ಬೆಲ್ಟ್ ಮಷಿನ್ ಭಾರವಾದರೂ ಬಾಳಿಕೆ ಬರುತ್ತದೆ. ಇನ್ನು ಇಡೀ ಗಾಡಿಗೆ ಬಣ್ಣ ಹೊಡೆಯಬೇಕೆಂದರೆ ದೊಡ್ಡ ಬೆಲ್ಟ್ ಮಷಿನ್ನು, ನೀರು ಹಿಡಿಯುವ ಫಿಲ್ಟರು ಎರಡೂ ಬೇಕು. ವರ್ಷಕ್ಕೊಮ್ಮೆಯ ಕೆಲಸಕ್ಕೆ ಅಷ್ಟು ದುಡ್ಡು ಹಾಕುವ ಬದಲು ಪೇಂಟರಿಗೇ ಕೊಡುವುದು ಲೇಸು. ನಮ್ಮ ಚೇತಕ್‌ಗೂ ಆಮೇಲೆ ಉಜ್ಜುವ ಕೆಲಸ ನಾನು ಮಾಡಿದೆ, ಬಣ್ಣ ಅವರೇ ಹೊಡೆದರು.

ಯಾವುದನ್ನೇ ಕೊಂಡರೂ ಕೆಲಸ ಮುಗಿದ ಮೇಲೆ ಗಾಳಿ ಇಳಿಸಿ ನೀರು ಬಿಡಿ. ಸೇಫ್ಟಿ ವಾಲ್ವ್ ಗಾಳಿ ಬಿಟ್ಟರೆ ಅದನ್ನು ಬಿಗಿ ಮಾಡಲು ಹೋಗಬೇಡಿ. ಮಷಿನ್ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಅಂಗಡಿಗೆ ಹೋದಾಗ ಬೆಲೆಗಿಂತ ಮೊದಲು ಒಂದು ಮಾತು ಕೇಳಿ: "90 ಪಿಎಸ್‌ಐ ಒತ್ತಡದಲ್ಲಿ ಇದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ?" ಸರಿಯಾದ ಉತ್ತರ ಸಿಗದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಮಷಿನ್ ಬಿಟ್ಟು ಬನ್ನಿ.