ಪಲ್ಲಕ್ಕಿ ಏರಿದ ಬಿಳಿ ಹಕ್ಕಿ

ಜಪಾನಿನಲ್ಲಿ ಕ್ರಿ.ಶ. 650ರಲ್ಲಿ ಒಂದು ಹಕ್ಕಿ ಪಲ್ಲಕ್ಕಿ ಏರಿತು. ಅನಾತೊ ಪ್ರಾಂತದ ಅಧಿಕಾರಿ ಬಿಳಿಯ ಫೆಸೆಂಟ್ ಒಂದನ್ನು (ಕಾಡುಕೋಳಿಯ ಬಳಗದ್ದು) ಚಕ್ರವರ್ತಿ ಕೋಟೊಕುವಿಗೆ ಒಪ್ಪಿಸಿದ. ಇದು ಶುಭವೋ ಅಶುಭವೋ? ನಮ್ಮಲ್ಲಾದರೆ ಪಂಚಾಂಗ ತೆಗೆಯುತ್ತಿದ್ದರು. ಅಲ್ಲಿ ಚೀನಾದ ಚರಿತ್ರೆ ತೆಗೆದರು. ಚೀನಾದಲ್ಲಿ ಓದಿ ಬಂದಿದ್ದ ಮಿನ್ ಎಂಬ ಬೌದ್ಧ ಭಿಕ್ಷು, ರಾಜ ಧರ್ಮದಿಂದ ಆಳಿದಾಗ ಇಂಥದು ಕಾಣಿಸಿಕೊಳ್ಳುತ್ತದೆ ಎಂದು ಅಲ್ಲಿನ ನಿದರ್ಶನಗಳನ್ನು ಕೊಟ್ಟು ಹೇಳಿದ. ಫಾರಿನ್ನಿಗೆ ಹೋಗಿ ಬಂದವರ ಮಾತಿಗೆ ಆಗಲೂ ತೂಕವಿತ್ತು ನೋಡಿ! ಹಕ್ಕಿಯನ್ನು ಆಸ್ಥಾನಕ್ಕೆ ಹೊತ್ತು ತಂದರು. ಹೊಸ ಶಕೆಗೆ 'ಹಕುಚಿ', ಅಂದರೆ ಬಿಳಿ ಫೆಸೆಂಟ್, ಎಂದೇ ಹೆಸರಿಟ್ಟರು. ಅನಾತೊ ಪ್ರಾಂತಕ್ಕೆ ಮೂರು ವರ್ಷ ತೆರಿಗೆ ಮಾಫಿ. ಮುಂದೆ ಬಿಳಿ ಆಮೆಗಳು ಸಿಕ್ಕಾಗ 724ರಲ್ಲೂ 770ರಲ್ಲೂ ಶಕೆಯ ಹೆಸರು ಬದಲಾಯಿತು.

ವೈದ್ಯನಾದ ನನ್ನ ಕಣ್ಣಿಗೆ ಇದೆಲ್ಲ ಬಣ್ಣದ ಕಣಗಳ ಕೊರತೆ, ಅಷ್ಟೆ. ಆದರೆ ಓದುತ್ತಾ ಹೋದಂತೆ ಒಂದು ಕಡೆ ಮನಸ್ಸು ನಿಂತುಬಿಟ್ಟಿತು. 927ರಲ್ಲಿ ಮುಗಿದ 'ಎಂಗಿಶಿಕಿ' ಎಂಬ ಸರ್ಕಾರಿ ವಿಧಿಗ್ರಂಥದಲ್ಲಿ ಚೀನಾದ ಮಾದರಿಯ ಶುಭ ಚಿಹ್ನೆಗಳ ಪಟ್ಟಿ ಇದೆ, ದರ್ಜೆವಾರು! ಬಿಳಿ ಕಾಗೆಯೂ ಅದರಲ್ಲುಂಟು, ಅದು ಸೂರ್ಯನ ಸಾರವಂತೆ. ಅದೇ ಗ್ರಂಥದ ಇನ್ನೊಂದು ಕಡೆ ಮಹಾಶುದ್ಧಿಯ ಮಂತ್ರವಿದೆ. ಅಲ್ಲಿ ತೊಳೆಯಬೇಕಾದ ದೋಷಗಳ ಸಾಲಿನಲ್ಲಿ 'ಶಿರಹಿತೊ', ಬಿಳಿ ಮನುಷ್ಯ. ಚರ್ಮ ಬೆಳ್ಳಗಾದವರು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಕಾಗೆ ಬೆಳ್ಳಗಾದರೆ ಶುಭ, ಮನುಷ್ಯ ಬೆಳ್ಳಗಾದರೆ ಮೈಲಿಗೆ! ಈಗ ಜಪಾನಿನ ದೇವಾಲಯಗಳಲ್ಲಿ ಸಾಮಾನ್ಯವಾಗಿ ಓದುವ ಪಾಠದಲ್ಲಿ ಆ ದೋಷಗಳ ಪಟ್ಟಿ ಇಲ್ಲ.

ನಮ್ಮ ಮನೆಗಳ ಪಟ್ಟಿಯಲ್ಲಿ? ತೊನ್ನು ಅಂಟುವ ರೋಗವಲ್ಲ, ಕುಷ್ಠವಂತೂ ಅಲ್ಲವೇ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣ ತಯಾರಿಸುವ ಜೀವಕೋಶಗಳ ಮೇಲೆ ತಿರುಗಿ ಬೀಳುತ್ತದೆ. ಇದನ್ನು ನಮ್ಮವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ. ಎಲ್ಲ ತಲೆಯಾಡಿಸಿ ಕೇಳಿ, ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ, "ಡಾಕ್ಟ್ರೇ, ಹುಡುಗಿ ಮದುವೆ ಆಗೋ ತನಕ ಯಾರಿಗೂ ಗೊತ್ತಾಗಬಾರದು" ಎನ್ನುತ್ತಾರೆ. ಮಾತ್ರೆ ಬರೆದುಕೊಡಬಲ್ಲೆ, ಇದಕ್ಕೇನು ಬರೆಯಲಿ?

ನನ್ನ ಚಿಕ್ಕಮ್ಮನಿಗೆ ಕೈಮೇಲೆ, ತುಟಿಯಂಚಿನಲ್ಲಿ ತೊನ್ನಿತ್ತು. ಬಂದ ಸಂಬಂಧಗಳೆಲ್ಲ ಕಾಫಿ ಕುಡಿದು ಎದ್ದು ಹೋದವು. ನನ್ನ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವರು ಅವರೇ. ಹಬ್ಬದಡುಗೆಯೂ ಅವರದೇ. ಆರತಿ ಎತ್ತುವ ಹೊತ್ತಿಗೆ ಮಾತ್ರ ಯಾರೂ ಅವರನ್ನು ಕೂಗುತ್ತಿರಲಿಲ್ಲ. ಅವರೂ ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ.