ವೀರಗಲ್ಲಿನ ಗಲ್ಲಿ

ಬೋರಿವಲಿಯ ಹದಿನಾಲ್ಕನೆಯ ಮಹಡಿಯಲ್ಲಿ ಫ್ಲ್ಯಾಟ್ ಕೊಂಡವರು ತಮ್ಮ ಕರಾರುಪತ್ರವನ್ನು ಒಮ್ಮೆ ಬಿಡಿಸಿ ನೋಡಬೇಕು. ಲಿಫ್ಟು, ಪಾರ್ಕಿಂಗು, ಕ್ಲಬ್‌ಹೌಸುಗಳ ವರ್ಣನೆ ಮುಗಿದ ಮೇಲೆ ಆಸ್ತಿಯ ಚೆಕ್ಕುಬಂದಿ ಬರೆದ ಪುಟದಲ್ಲಿ ಹೀಗಿರುತ್ತದೆ: ಮೌಜೆ ಎಕ್ಸರ್, ತಾಲೂಕು ಬೋರಿವಲಿ, ಜಿಲ್ಲೆ ಮುಂಬಯಿ ಉಪನಗರ. ಮೌಜೆ ಎಂದರೆ ಹಳ್ಳಿ. ಕಾಪುವಿನ ಕಡೆಯ ಹಳ್ಳಿ ಬಿಟ್ಟು ಮಹಾನಗರ ಸೇರಿದೆವೆಂದು ಬೀಗಿದ ಕುಟುಂಬ, ಕಾಗದದ ಮಟ್ಟಿಗೆ ಇನ್ನೊಂದು ಹಳ್ಳಿಗೇ ಬಂದಿಳಿದಿದೆ.

ಮುಂಬಯಿಯ ಏಳು ದ್ವೀಪಗಳ ಕಥೆ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಬಾಂದ್ರಾ, ಕುರ್ಲಾದಿಂದ ಉತ್ತರಕ್ಕೆ ಇರುವುದೆಲ್ಲ ಆ ಏಳರ ಲೆಕ್ಕಕ್ಕೆ ಸೇರದ ಸಾಷ್ಟಿ ದ್ವೀಪ. 1661ರಲ್ಲಿ ಪೋರ್ಚುಗೀಸ್ ರಾಜಕುಮಾರಿಯ ವರದಕ್ಷಿಣೆಯಲ್ಲಿ ಮುಂಬಯಿ ಇಂಗ್ಲಿಷರ ಪಾಲಾದಾಗಲೂ ಸಾಷ್ಟಿಯನ್ನು ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. 1737ರಲ್ಲಿ ಮರಾಠರು ಗೆದ್ದರು, 1774ರ ಕೊನೆಗೆ ಇಂಗ್ಲಿಷರು ಕಸಿದರು. ಮಾಹಿಮಿನಿಂದ ಬಾಂದ್ರಾಕ್ಕೆ ದೋಣಿಯ ಹಂಗಿಲ್ಲದೆ ಹೋಗುವ ದಾರಿ ತೆರೆದದ್ದು 1845ರಲ್ಲಿ. ಕಂಪನಿ ಸರ್ಕಾರ ಗಂಟು ಬಿಚ್ಚದಿದ್ದಾಗ ಪಾರ್ಸಿ ವರ್ತಕರೊಬ್ಬರ ಮಡದಿ ಅವಾಬಾಯಿ ಜಮ್ಶೆಟ್‌ಜಿ 1,57,000 ರೂಪಾಯಿ ಕೊಟ್ಟರು. ಮುಂಬಯಿ ಪಾಲಿಕೆಯ ಗಡಿ 1950ರಲ್ಲಿ ಜೋಗೇಶ್ವರಿಗೆ, 1957ರಲ್ಲಿ ದಹಿಸರ್, ಮುಲುಂಡಿಗೆ ಬಂತು. ಪ್ರತ್ಯೇಕ ಉಪನಗರ ಜಿಲ್ಲೆಯಾದದ್ದಂತೂ 1990ರಲ್ಲಿ. ಭತ್ತದ ಗದ್ದೆ, ಉಪ್ಪಿನ ಮಡಿ, ತಾಳೆಮರಗಳ ಈ ನಾಡು ಶಹರವಾದದ್ದು ತೀರ ಮೊನ್ನೆ ಮೊನ್ನೆ.

ಎಕ್ಸರಿನ ಮೆಟ್ರೋ ಸ್ಟೇಷನ್ನಿನಲ್ಲಿ ದಿನಾ ಹತ್ತಿ ಇಳಿಯುವವರಲ್ಲಿ ಎಷ್ಟು ಮಂದಿ ಅಲ್ಲಿಯ ವೀರಗಲ್ಲುಗಳನ್ನು ಕಂಡಿದ್ದಾರೋ! 1882ರ ಠಾಣೆ ಗೆಜೆಟಿಯರು ಇಲ್ಲಿ ಆರು ಕಲ್ಲುಗಳನ್ನು ಎಣಿಸಿತು. ದೊಡ್ಡವು ಸುಮಾರು ಹತ್ತಡಿ ಎತ್ತರ, ಮೂರಡಿ ಅಗಲ. ಹಾಸನ, ಶಿವಮೊಗ್ಗದ ಕಡೆ ಕೆರೆಯ ಏರಿಯ ಮೇಲೆ ವೀರಗಲ್ಲು ನೋಡಿ ಬೆಳೆದ ಕನ್ನಡಿಗನಿಗೆ ಇವನ್ನು ಓದಲು ಗೈಡ್ ಬೇಕಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ, ಲಿಂಗಪೂಜೆ. ಬೆರಗಾಗುವುದು ಕೆಳಗಿನ ಪಟ್ಟಿಕೆಗೆ. ದನಕರುಗಳ ಬದಲು ಹೆಚ್ಚಿನ ಕಲ್ಲುಗಳಲ್ಲಿ ಹಡಗುಗಳಿವೆ: ಚೂಪಾಗಿ ಮೇಲಕ್ಕೆದ್ದ ಮೂತಿ, ನೆಟ್ಟನೆಯ ಕೂವೆ, ಸಾಲಾಗಿ ನೀರಿಗಿಳಿದ ಹುಟ್ಟುಗಳು, ಅಂಚಿನಲ್ಲಿ ಒತ್ತೊತ್ತಾಗಿ ನಿಂತ ಕಾಲಾಳುಗಳು. ಸಮುದ್ರಯುದ್ಧದ ವೀರಗಲ್ಲು ನಮ್ಮ ದೇಶದಲ್ಲೇ ಅಪರೂಪ.

ಯಾರ ಯುದ್ಧ? ಸೇವುಣರ ಮಹಾದೇವನಿಗೂ ಉತ್ತರ ಕೊಂಕಣದ ಕೊನೆಯ ಶಿಲಾಹಾರ ದೊರೆ ಸೋಮೇಶ್ವರನಿಗೂ ಸುಮಾರು 1265ರಲ್ಲಿ ನಡೆದ ಕದನವಿರಬೇಕೆಂದು ಹಲವು ವಿದ್ವಾಂಸರ ಊಹೆ. ಸೋಮೇಶ್ವರ ಕಡಲಿನಲ್ಲಿ ಸತ್ತ. ಮಹಾದೇವನ ಕೋಪಾಗ್ನಿಗಿಂತ ಕಡಲೊಳಗಿನ ವಡಬಾಗ್ನಿಯೇ ಮೇಲೆಂದು ಅವನು ನೀರು ಸೇರಿದನೆಂದು ಸೇವುಣರ ಮಂತ್ರಿ ಹೇಮಾದ್ರಿ ವ್ಯಂಗ್ಯವಾಗಿ ಬರೆದಿಟ್ಟ. ಹೊಯ್ಸಳರ ಜೊತೆ ಜೀವಮಾನವಿಡೀ ಕಾದಾಡಿದ ಸೇವುಣರು ಬೋರಿವಲಿಯ ಬಳಿ ದೋಣಿ ಹತ್ತಿದ್ದಿರಬಹುದೆಂಬುದು ನಮ್ಮ ಪಠ್ಯಪುಸ್ತಕಕ್ಕೆ ಬಂದಂತಿಲ್ಲ.

ಅಲ್ಲಿಂದ ಪೂರ್ವಕ್ಕೆ, ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಕಾನ್ಹೇರಿ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಬಹುತೇಕ ಎಲ್ಲಕ್ಕೂ ಮಳೆನೀರು ಹಿಡಿಯಲು ಬಂಡೆಯಲ್ಲೇ ಕೊರೆದ ತೊಟ್ಟಿ. ಒಂಬತ್ತನೆಯ ಶತಮಾನದ ಮೂರು ಶಾಸನಗಳಲ್ಲಿ ಇಲ್ಲಿನ ಶಿಲಾಹಾರ ಮಾಂಡಲಿಕರು ತಮ್ಮ ಒಡೆಯನೆಂದು ಹೆಸರಿಸುವುದು ಅಮೋಘವರ್ಷನನ್ನು. ಹೌದು, ‘ಕವಿರಾಜಮಾರ್ಗ’ದ ನೃಪತುಂಗನೇ. 843ರ ಶಾಸನದ ದತ್ತಿಯಲ್ಲಿ ವಿಹಾರದ ದುರಸ್ತಿ, ಭಿಕ್ಷುಗಳ ಬಟ್ಟೆಯ ಜೊತೆಗೆ ಪುಸ್ತಕದ ಖರ್ಚಿಗೂ ಹಣ ಉಂಟು. ಇನ್ನೊಂದರ ದಾನಿ ಗೌಡದೇಶದ, ಅಂದರೆ ಬಂಗಾಳದ ಅವಿಘ್ನಾಕರ. ಹೊರಗಿನವರು ಬಂದು ನೆಲೆಯೂರುತ್ತಿದ್ದಾರೆಂಬ ಗೊಣಗಾಟ ಆಗಲೂ ಇತ್ತೋ ಏನೋ, ಬಂಡೆಯ ಮೇಲಂತೂ ಯಾರೂ ಕೆತ್ತಿಸಿಲ್ಲ.

ಬೋರಿವಲಿಯಲ್ಲೇ ಇರುವ ಮಂಡಪೇಶ್ವರದ ಗುಹೆಯದು ಬೇರೆಯೇ ಪಾಡು. ಶಿವನ ಗುಡಿ ಪೋರ್ಚುಗೀಸರ ಕಾಲದಲ್ಲಿ ಇಗರ್ಜಿಯಾಗಿ, ಮತ್ತೆ ಗುಡಿಯಾಯಿತು. ಒಂದು ಗೋಡೆಯಲ್ಲಿ ಕೆತ್ತಿದ ಶಿಲುಬೆ, ಒಳಗೆ ನಟರಾಜ, ತಲೆಯ ಮೇಲೆ ಮುರುಕು ಇಗರ್ಜಿಯ ಗೋಡೆಗಳು.

ಇಲ್ಲಿನ ಮೂಲದವರೇ ಆದ ಈಸ್ಟ್ ಇಂಡಿಯನ್ ಕ್ರೈಸ್ತರ ಗಾವ್‌ಠಾಣಗಳಲ್ಲಿ (ಹಳೆಯ ಹಳ್ಳಿಯ ನೆಲೆಗಳಲ್ಲಿ) ರಸ್ತೆಯ ಮೂಲೆಗೊಂದು ಶಿಲುಬೆ ಕಾಣುತ್ತದೆ. ಅವುಗಳಲ್ಲಿ ಎಷ್ಟೋ 1896ರ ಪ್ಲೇಗಿಗೆ ಹೆದರಿ ನಿಲ್ಲಿಸಿದವು. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿ ಕಂಡವರಿಗೆ ಇದು ವಿಚಿತ್ರವೆನಿಸದು. ಇನ್ನು ಪೂರ್ವದ ಉಪನಗರ ಭಾಂಡುಪ್ ಎಂದರೆ ಇವತ್ತು ಮೂಗು ಮುರಿಯುವವರುಂಟು. ಮುಂಬಯಿಗೆ ರೈಲು ಬೇಕೆಂಬ ಯೋಚನೆ ಸರ್ಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕನಿಗೆ ಹೊಳೆದದ್ದು 1843ರಲ್ಲಿ ಅದೇ ಭಾಂಡುಪಿಗೆ ಹೋಗಿದ್ದಾಗ ಎನ್ನುತ್ತಾರೆ. ಹತ್ತು ವರ್ಷಕ್ಕೆ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಗಾಡಿ ಓಡಿತು.

ತುಳುನಾಡಿನ ಮೀನುಗಾರರು 1902ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಭವನ ಈಗಿರುವುದು ಅಂಧೇರಿ ಪಶ್ಚಿಮದಲ್ಲಿ. ಅಲ್ಲಿಂದ ರಿಕ್ಷಾ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ವರ್ಸೋವಾದ ಕೋಳಿವಾಡ, ಅಂದರೆ ಕೋಳಿ ಎಂಬ ಮೀನುಗಾರ ಜನರ ಕೇರಿ. ಬಿದಿರಿನ ಅಡ್ಡಗಳಿಂದ ಬೊಂಬಿಲ್ ಮೀನು ಬಾಯಿಗೆ ಬಾಯಿ ಸಿಕ್ಕಿಸಿಕೊಂಡು ಬಿಸಿಲಿಗೆ ಜೋತಾಡುತ್ತಿರುತ್ತದೆ. ಬೊಂಬಿಲ್ ಒಣಗಿಸಲು ಬಿಟ್ಟ ಈ ಬಯಲುಗಳೂ ಊರಿನ ಜಾಗವೇ ಎಂದು ನಕ್ಷೆಯಲ್ಲಿ ತೋರಿಸಿ ಎಂಬುದು ಕೋಳಿ ಜನರ ಹಳೆಯ ಬೇಡಿಕೆ. ಗಡಿ ಗುರುತಾಗದಿದ್ದರೆ ತಲೆತಲಾಂತರದ ಮನೆಗಳನ್ನೂ ಜೋಪಡಪಟ್ಟಿಯ ಲೆಕ್ಕಕ್ಕೆ ಸೇರಿಸಿ ಬಿಲ್ಡರುಗಳು ಬಂದು ನಿಂತಾರೆಂಬ ಭಯ ಅವರದು. ಅರ್ಜಿ ಹಿಡಿದು ಅವರು ಹೋಗುವುದು ಬಾಂದ್ರಾದಲ್ಲಿರುವ ಜಿಲ್ಲಾಧಿಕಾರಿಯ ಕಚೇರಿಗೆ.